ಕಾಳಾಚಾರಿ ಕ್ಯಾಸೆಟ್ಟು

...ಅಯ್ಯೋ, ಸುತ್‌ಬ್ಯಾಡಿ ರಘಣ್ಣ! ಆ ಪೆನ್ಸಿಲ್ಲು ಈಚಿಗೆ ತಗೀರಿ ಮೊದ್ಲು. ಹಿಂದುಕ್ಕೆ ಒಂದು ಸುತ್ತೂ ಸುತ್‌ಬ್ಯಾಡಿ ಅಂತ ಬಂದೇಟ್ಗೇ ಏಳ್ಲಿಲ್ವಾ ನಾನು? ರೀಲು ಎಲ್ಲಿ ನಿಂತದೋ ಅಲ್ಲೇ ಇರ್ಲಿ. ಸಿಕ್ಕಾಕ್ಕೊಂಡಿರೋ ಜಾಗ ಒಂದು ಬುಡ್ಸಿ, ಅಲ್ಲಿಂದ ಮುಂದುಕ್ಕೆ ಓಡಂಗೆ ಮಾಡ್ಕೊಡಿ. ಅಷ್ಟೇಯ.

ಯಾಕ್ ನಗ್ತೀರಿ?... ಊಂ, ನಗ್ರಿ ನಗ್ರಿ. ಕಬ್ಣ ಬಡಿಯೋನ್ಗೆ ಇಂಗ್ಲಿಷ್ ಕ್ಯಾಸೆಟ್ ಯಾಕೆ ಅಂತ ತಾನೆ? ನಂದಲ್ಲ ಕಣಣ್ಣ ಇದು. ನನ್ ತಮ್ಮ ನಂಜುಂಡಂದು. ಅಕ್ಕಿಹೆಬ್ಬಾಳು ಕಡೆಯಿಂದ ಬತ್ತಿದ್ನಲ್ಲ... ಉದ್ದ ಕೂದ್ಲು, ಕೈಗೆ ಮೊಳೆ ಹೊಡ್ದಿರೋ ಚರ್ಮದ ಪಟ್ಟಿ... ಆಂ, ಅವ್ನೇ! ಗುರ್ತು ಸಿಕ್ತಲ್ಲ. ನಿಮ್ಮಂಗ್ಡೀಲೇ ತುಂಬ್ಸಿದ್ದು ಈ ಕ್ಯಾಸೆಟ್ಟು. ನಾನು ಅವ್ರಣ್ಣ, ಮಂಜುನಾಥ. ಕುಲುಮೆ ನಮ್ದೇಯ.

ಅವ್ನು ಯಾಕ್ ಬರ್ಲಿಲ್ಲ ಅಂದ್ರೆ... ಬರಕ್ಕಾಗ್ಲಿಲ್ಲ. ನಾನೇ ಬಸ್ಸತ್ತಿ ಪೇಟೆಗೆ ಬಂದೆ.

ಯಾವ್ದು? ಮೂಲೇಲಿ ಮೆತ್ಕೊಂಡಿರೋದಾ, ಆ ಕಂದು ಬಣ್ಣ? ತುಕ್ಕು ಕಣಣ್ಣ. ಕುಲುಮೆ ಮನೇಲಿ ಯಾವ್ದಕ್ಕಿಲ್ಲ ತುಕ್ಕು! ಕೆರೀಬ್ಯಾಡಿ. ಅಂಗೇ ಇರ್ಲಿ ಬುಡಿ ಅದು.

ಹೊಸಾದ್ರಲ್ಲಿ ತುಂಬ್ಕೊಡ್ತೀರಾ? ನಿಮ್ ತಾವ ಅಸಲಿ ಕ್ಯಾಸೆಟ್ಟು ಅದೆ, ಗೊತ್ತು. ಇದಕ್ಕಿಂತ ಚೆಂದಾಗಿ ಕೇಳ್ತದೆ, ಅದೂ ಗೊತ್ತು. ಆದ್ರೂ ಬ್ಯಾಡ. ಇದೇ ಆಗ್ಬೇಕು. ಸಂಜೆ ಒಳ್ಗೆ ಆಗ್ಬೇಕು. ನಾಳೆ ಹಬ್ಬ ಅದೆ ಮನೇಲಿ.

ಹಬ್ಬ ಕಣಣ್ಣ. ಹಬ್ಬ ಅಂದ್ರೆ ಹಬ್ಬ.

ತಗಳಿ, ಕರೆಂಟು ಓಯ್ತು! ಇರ್ಲಿ ಬುಡಿ, ಬಂದಾಗ ಬರ್ಲಿ. ಸಂಜೆಗಂಟ ನಂಗೇನು ಅವಸ್ರ ಇಲ್ಲ. ಕುಂತಿರ್ತೀನಿ.

ನಿಮ್ ಅಂಗ್ಡಿ ಗೋಡೇಲೂ ಅಂಟ್ಸಿದ್ದೀರಲ್ಲ ಈ ಹಾಡ್ಗಾರನ್ನ... ಕಾಲ್ ಆರ್ಚರ್. ಸರ್ಯಾಗಿ ಅಂದ್ನಾ? ನಮ್ಮಪ್ಪಂಗೆ ಮಾತ್ರ ಅವ್ನು ಕಾಳಾಚಾರಿ. ಕೇಳಿ, ಕೇಳಿ! ನಂಜುಂಡ ಇಂತದ್ದೇ ಒಂದು ಪಟ ಮೈಸೂರಿಂದ ತಂದು ಕುಲುಮೆ ಗೋಡೆಗೆ ಅಂಟ್ಸ್ದ. 'ಯಾರ್ಲಾ ಇವ್ನು?' ಅಂತು ಅಪ್ಪ. 'ಕಾಲ್ ಆರ್ಚರ್ ಕಣಪ್ಪ, ಹೆವಿ ಮೆಟ್ಲು.' 'ಅಂಗಂದ್ರೆ?' 'ಭಾರದ್ ಕಬ್ಣ.' ಸುತ್ಗೆ ಬಡ್ದೂ ಬಡ್ದೂ ಅಪ್ಪಂಗೆ ಕಿವಿ ಮಂದ. ಕಾಳಾಚಾರಿ, ಕಬ್ಣ... ಅದ್ಕೆ ಕೇಳಿದ್ದು ಅಷ್ಟೇಯ. ಹತ್ರ ಓಗಿ, ಆ ಯಪ್ಪನ ಕೈಪಟ್ಟಿ ಮೊಳೆನೆಲ್ಲ ಮುಟ್ಟಿ ಮುಟ್ಟಿ ನೋಡ್ಬುಟ್ಟು, 'ನಮ್ ಪೈಕೀನೇ ಕಣ್ಲಾ! ಸೀಮೆ ಕಡೆ ಆಚಾರಿ. ಕೆಲ್ಸಗಾರ. ಕೂದ್ಲೊಂದು ಕಟ್ಕೊಳ್ಳಕ್ಕೆ ಏಳು, ಕಿಡಿ ಸಿಡೀತದೆ' ಅಂತು!

ನಗು ಬತ್ತದಲ್ವಾ?... ನಾವೂ ನಗ್ತಿದ್ವು. ನಂಜುಂಡನೂ ತಿದ್ದಕ್ಕೋಗ್ಲಿಲ್ಲ. ಆ ವರ್ಷ ಆಯುಧ ಪೂಜೇಲಿ ಅಪ್ಪ ಕಾಳಿಕಾಂಬೆ ಪಟಕ್ಕೆ ಕುಂಕುಮ ಇಟ್ಟು, ಸುತ್ಗೆಗೆ ಇಟ್ಟು, ಇಕ್ಳಕ್ಕೆ ಇಟ್ಟು, ಅಂಗೇ ಈ ಯಪ್ಪನ ಹಣೆಗೂ ಇಟ್ಬುಡ್ತು. ನಂಜುಂಡ ನಗ್ತನೆ ಅನ್ಕಂಡೆ ನಾನು. ಇಲ್ಲ! ಕೈ ಮುಗ್ದ ಕಣಣ್ಣ. ನಿಜವಾಗ್ಲೂ ಕಣ್ ಮುಚ್ಕೊಂಡು ಮುಗ್ದ.

ಸಂಘಾನೂ ಇತ್ತು. ಗೊತ್ತಿಲ್ವಾ ನಿಮ್ಗೆ? ಊರ್ ನಾಕೈದು ಐಕ್ಳು ಸೇರ್ಕೊಂಡು, ಸಿನಿಮಾದೋರ್ಗೆ ಮಾಡ್ತರಲ್ಲ, ಅಂಗೇ ಅಭಿಮಾನಿಗಳ ಸಂಘ ಮಾಡ್ಬುಟ್ಟಿದ್ರು. ಬಟ್ಟೆ ಬ್ಯಾನರು ಬರ್ಸಕ್ಕೆ ಪಾಂಡವಪುರಕ್ಕೆ ಯಾರ್ ಓಗಿದ್ದು ಏಳಿ? ನಮ್ಮಪ್ಪ! ಬರ್ದು ತಂದದ್ದೇನು? 'ಶ್ರೀ ಕಾಳಾಚಾರಿ ಅಭಿಮಾನಿಗಳ ಸಂಘ'. ಈ ಐಕ್ಳು ತಲೆ ತಲೆ ಚಚ್ಕೊಂಡ್ರು. ಆದ್ರೂ ಕಟ್ಟಿದ್ರು. ಕಾಳಾಚಾರಿ ಹುಟ್ಟಿದಬ್ಬ ಅಂತ ಅರಳಿಕಟ್ಟೆ ತಾವ ಕೇಸ್ರಿಬಾತು ಅಂಚಿದ್ರು. ಪುಟ್ಟಲಕ್ಷ್ಮಮ್ಮ ಅಂತ ನಮ್ ಬೀದಿ ಮುದ್ಕಿ, ಯಾವ್ದೋ ದೇವ್ರು ಅನ್ಕಂಡು ಎರಡು ಕಣ್ಗೂ ಒತ್ಕೊಂಡು ತಿಂತು. ಆಮೇಲೆ ಟೇಪ್ ಆಕಿದ್ರು ನೋಡಿ... ಎಮ್ಮೆಗಳು ಗೂಟ ಕಿತ್ಕೊಂಡು ಓಡ್ದೋ! ಮುದ್ಕಿ ಮಾತ್ರ ಎದ್ದೋಗ್ಲಿಲ್ಲ. 'ಪಾಪ, ಏನ್ ಸಂಕಟವೋ ಆ ಮಗೀಗೆ' ಅಂತು.

ನಂಗಾ? ನಂಗೇನ್ ಗೊತ್ತಾಯ್ತದೆ ರಘಣ್ಣ. ಮೊದಮೊದ್ಲು ಬೈತಿದ್ದೆ. 'ಹೊಟ್ಟೆನೋವು ಬಂದೋರಂಗೆ ಅರುಚ್ಕತನೆ, ಇದ್ಯಾವ ಹಾಡ್ಲಾ' ಅಂತ. ನಂಜುಂಡ ತಿದಿ ಒತ್ತಾ ಒತ್ತಾ ಅನ್ನೋನು, 'ಅಣ್ಣ, ಎಲ್ರೂ ಒಳ್ಗೇ ನುಂಗ್ಕತರೆ. ಇವ್ನೊಬ್ಬ ಆಚಿಗೆ ಬುಡ್ತನೆ. ಕೂಗಕ್ಕಾಗ್ದೆ ಇರೋರ್ದೂ ಸೇರ್ಸಿ ಇವ್ನೇ ಕೂಗ್ತನೆ' ಅಂತ. ಏನೋ ಓದಿದ್ ಹುಡ್ಗ, ಅಂತನೆ ಅನ್ಕಂಡು ನಾನು ಕಬ್ಣ ಬಡೀತಿದ್ದೆ. ಈಗ ಅದೇ ಮಾತು ಕಿವೀಲಿ ಕುಂತದೆ.

ಆ ಕೊನೇ ಹಾಡು ಗೊತ್ತಲ್ಲ ನಿಮ್ಗೆ... ಆ ಕಡೆ ಮೊಗ್ಲಿಂದು? ಆಂ, ಅದೇ. ಮೆತ್ತುಗೆ ಸುರುವಾಯ್ತದೆ, ಅವ್ವ ತೊಟ್ಲು ತೂಗ್ದಂಗೆ. ಆಮೇಲೆ ಡ್ರಮ್ಮು ಬತ್ತದೆ. ಬತ್ತದೆ, ಬತ್ತದೆ... ಇದ್ದಕ್ಕಿದ್ದಂಗೆ ಎಲ್ಲ ನಿಂತೋಯ್ತದೆ. ಆಗ ನಂಜುಂಡ ಕೈ ಮೇಲೆತ್ತೋನು. 'ತಡಿ ಅಣ್ಣ, ಕೂಗು ಇನ್ನೂ ಬಂದಿಲ್ಲ, ತಡಿ.' ನಾನೂ ಸುತ್ಗೆ ಎತ್ಕೊಂಡು ಅಂಗೇ ನಿಂತ್ಬುಡ್ತಿದ್ದೆ, ಕಬ್ಣ ಆರೋಯ್ತಿದ್ರೂವೆ. ಆಮೇಲೆ ಬರೋದು ನೋಡಿ ಕೂಗು! ಉಸ್ರೇ ತಗಳಲ್ಲ ಪುಣ್ಯಾತ್ಮ. ಅದು ಮುಗುದ್ ಮೇಲೆ ನನ್ ಸುತ್ಗೆ ಕೆಳಗ್ ಬೀಳೋದು. ದಿನಾ ಇದೇ ಆಟ ನಮ್ದು. ಚೆನ್ನಾಗಿತ್ತು.

ವಾಕ್‌ಮನ್ನಾ? ಊಂ, ಅದ್ರಲ್ಲೇ ಇದ್ದದ್ದು ಈ ಕ್ಯಾಸೆಟ್ಟು. ನಾನೇ ಕೊಡ್ಸಿದ್ದು. ದನ ಬೆದರ್ತವೆ ಅಂತ ಊರೋರ ಕಾಟ, ಅದ್ಕೇ ಕಿವೀಗಾಕೊಂಡು ಕೇಳ್ಕೊ ಓಗ್ಲಾ ಅಂದೆ... ಇಲ್ಲ, ಅದು ಒಡ್ದೋಯ್ತು. ಬಿತ್ತು. ಎಲ್ಲೋ ಬಿತ್ತು, ಯಾಕೀಗ ಅದು. ಕ್ಯಾಸೆಟ್ಟು ಉಳ್ಕತು.

ಆಂ, ಕರೆಂಟು ಬಂತು! ಬುಡ್ಸುದ್ರಾ ಸಿಕ್ಕ? ಕೈಗುಣ ಚೆನ್ನಾಗದೆ ಬುಡಿ ನಿಮ್ದು... ಅಯ್ಯೋ, ಬ್ಯಾಡ! ಆಕ್‌ಬ್ಯಾಡಿ ಟೇಪ್ಗೆ! ಓಡ್ತದಾ ಅಂತ ನೋಡಕ್ಕೂ ಬ್ಯಾಡ. ಇಲ್ಲಿ ಒಂಚೂರೂ ಓಡೋದು ಬ್ಯಾಡ. ನಾಳೆ ಮನೇಲೇ ಆಕ್ತೀನಿ. ನಿಂತಿರೋ ಜಾಗದಿಂದ ಸುರುವಾಗ್ಬೇಕು ಕಣಣ್ಣ ಅದು, ಕೇಳಿ ನನ್ ಮಾತ...

ಯಾಕೆ ಕ್ಯಾಲೆಂಡ್ರು ನೋಡ್ತೀರಿ?

ಊಂ. ಗೌರಿ ಹಬ್ಬ ಮುಗೀತು. ದಸ್ರಾ ಇನ್ನೂ ಬಂದಿಲ್ಲ. ನೀವನ್ನೋದು ಸರಿ. ನಾಳೆ ಅಮಾಸೆ... ಮಾಳಯದ ಅಮಾಸೆ.

ಇಷ್ಟೊತ್ತೂ ನಗ್ತಾ ಇದ್ರಲ್ಲ. ಆ ಉಗುರು ಯಾಕಿನ್ನೂ ಅಲ್ಲೇ ಇಟ್ಕೊಂಡಿದ್ದೀರಿ, ಆ ಕಂದು ಬಣ್ಣದ ಮೇಲೆ?...

ಊಂ. ಪ್ಲಾಸ್ಟಿಕ್ಕಿಗೆ ತುಕ್ಕಿಡಿಯಕ್ಕಿಲ್ಲ. ನಂಗೊತ್ತು. ಕಬ್ಣದೋನು ನಾನು, ನಂಗ್ ಗೊತ್ತಿರಕ್ಕಿಲ್ವಾ.

ದೊಡ್ಡ ಲೈನು ಆಕ್ತಾವ್ರೆ ಅಂತ ನಮ್ ಕಡೆ ಎಷ್ಟೋ ಕಾಲ ರೈಲೇ ಇರ್ಲಿಲ್ವಲ್ಲ. ಎಲ್ರೂ ಹಳಿ ಮೇಲೇ ನಡ್ಯೋರು. ಗದ್ದೆ ಬದೀಗಿಂತ ಅದೇ ಸಲೀಸು. ಇವ್ನೂ ಅಂಗೇ ಬರೋನು, ಕಿವೀಗಾಕೊಂಡು. ಅವತ್ತು ಇಂಜಿನ್ನು ಬತ್ತದೆ ಅಂತ ಯಾರ್ ಕಂಡಿದ್ರು... ಕೂಗ್ತು ಅದು. ತುಂಬ ಕೂಗ್ತು. ಊರಿಗೆಲ್ಲ ಕೇಳ್ತು. ಕುಲುಮೇಲಿ ನಂಗೂ ಕೇಳ್ತು. ಅಪ್ಪಂಗೆ ಕಿವಿ ಕೇಳಲ್ವಲ್ಲ, ನಾನೇ ಅಪ್ಪನ ಕಿವಿ ತಾವ ಓಗಿ ಜೋರಾಗಿ ಏಳ್ದೆ. 'ರೈಲು ಬಂತು ಕಣಪ್ಪೋ! ನಮ್ಮೂರ್ಗೆ ರೈಲು ಬಂತು!' ಕುಸೀಲಿ ಏಳ್ದೆ ಕಣಣ್ಣ ನಾನು. ಇಬ್ರೂ ನಕ್ವು.

ಬ್ಯಾಸ್ಗೇಲಿ ಆದದ್ದು. ನಿಮ್ಗೆ ಯಾರೂ ಏಳಿಲ್ಲ ಅನ್ಸ್ತದೆ. ನಾನೂ ಏಳ್ಬೇಕು ಅಂತ ಬರ್ಲಿಲ್ಲ. ಸರಿ ಮಾಡುಸ್ಕೊಂಡು ಓಗ್ಬುಡಾನ ಅನ್ಕಂಡಿದ್ದೆ.

ಅಳ್‌ಬ್ಯಾಡಿ ಅಣ್ಣ. ನಂಗ್ ನೋಡಿ, ಏನೂ ಅನ್ಸದೇ ಇಲ್ಲ. ಅವತ್ತಿಂದ ಅಂಗೇಯ. ಉಣ್ತೀನಿ. ಕುಡ್ಲು ತಟ್ತೀನಿ. ಬಸ್ಸತ್ತಿ ಬಂದೆ. ಅವ್ವ ಎದೆ ಎದೆ ಬಡ್ಕತು, ನಾನು ಸುಮ್ಕೆ ನಿಂತಿದ್ದೆ, ಯಾರ್ದೋ ಮನೇಲಿ ನಿಂತಂಗೆ. ಒಂದ್ಸತಿ ಬಾಯ್ ಬುಟ್ಟು ಅತ್ಬುಡ್ಲಾ ಅಂತು ಅಪ್ಪ. ಬರ್ಲಿಲ್ಲ.

ನಾಳೆ ಅವ್ನಿಗೆ ಎಡೆ ಇಕ್ಬೇಕು. ಮೊದಲ್ನೇದು. ಹಿರೀಕರ ಸಾಲಲ್ಲಿ, ನಮ್ ತಾತನ ಪಕ್ಕ, ನನ್ ತಮ್ಮಂಗೆ ಎಲೆ. ಅವ್ವ ಅವ್ನಿಗಿಷ್ಟ ಅಂತ ಕಜ್ಜಾಯಕ್ಕೆ ಪಾಕ ಇಟ್ಟದೆ. ಅಪ್ಪ ಕಾಳಾಚಾರಿ ಪಟ ಒರ್ಸಿ ಇಟ್ಟದೆ. 'ನಮ್ ಹುಡ್ಗಂಗೆ ಬೇಕಾದೋನು, ಅವ್ನೂ ಇರ್ಲಿ' ಅಂತು. ಎಡೆ ಇಕ್ಕಿ, ಬಾಗ್ಲು ಮುಚ್ಚಿ, ನಾವೆಲ್ಲ ಈಚಿಗೆ ಬಂದ್ಬುಡ್ತೀವಿ. ಬಂದು ಉಣ್ಕಳ್ಳಿ ಅಂತ... ಗೊತ್ತಲ್ಲ ನಿಮ್ಗೆ. ಅವಾಗ ಇದನ್ನ ಆಕ್ಬುಟ್ಟು ಬತ್ತೀನಿ.

ಅದ್ಕೇ ಕಣಣ್ಣ ಸುತ್‌ಬ್ಯಾಡಿ ಅಂದದ್ದು. ಅಲ್ಲೀಗಂಟ ಅವ್ನು ಕೇಳಾಗದೆ. ಎಷ್ಟು ರೀಲು ಉಳ್ದದೆ ನೋಡಿ... ಸಣ್ಣುಕೆ, ಬಳೆ ಅಷ್ಟು. ಕೊನೇ ಹಾಡೇ ತಾನೆ ಅದು? ಎಲ್ಲ ನಿಂತೋಯ್ತದಲ್ಲ, ಆ ತಾವೇ ನಿಂತಿರ್ಬೇಕು. ಕೂಗು ಇನ್ನೂ ಬಂದಿಲ್ಲ. ಮಿಕ್ಕಿದ್ದು ಕೇಳ್ಕಳ್ಳಿ ಪಾಪ.

ಪೆನ್ಸಿಲ್ಲು ಕೆಳಗಿಟ್ರಾ?... ನಿಧಾನುಕ್ಕೆ ಮುಚ್ಚಿ, ಸ್ಕ್ರೂ ಬಿಗೀರಿ. ನಾನು ಕುಂತಿರ್ತೀನಿ.

ನಾಳೆ ಬಾಗ್ಲಾಚೆ ನಿಂತಿರ್ತೀನಲ್ಲ... ಕೂಗು ಬಂದ್ರೆ ನಂಗೂ ಕೇಳ್ತದೆ.