ಮೊದಲ ಒಲೆಯ ಸೌಟು

ಹೆಸರು: ಚಾನ್ ಯೋಕ್ ಕ್ವಾಯ್, ದಿವಂಗತ ಮೋಕ್ ಹೋಯ್ ಅವರ ಹೆಂಡತಿ. ವಯಸ್ಸು: 71. ಕೆಲಸ: ಇಪೋ ಪಟ್ಟಣದಲ್ಲಿ ಥಾಮ್ ಅವರ ಹೋಟೆಲಿನಲ್ಲಿ ಸೊಪ್ಪು ತೊಳೆಯುವುದು. ವಾಸ: ಅದೇ ಹೋಟೆಲಿನ ಹಿಂದಿನ ಓಣಿ, ಮನೆ ನಂಬರು 16. ಯಾರ ಒತ್ತಾಯವೂ ಇಲ್ಲದೆ ನಾನು ಪೊಲೀಸರಿಗೆ ತಿಳಿಸುವುದು ಏನೆಂದರೆ:

ನನ್ನ ಗಂಡ ಆ ಅಡುಗೆಮನೆಯಲ್ಲಿ 31 ವರ್ಷ ಮೊದಲ ಒಲೆ, ಅಂದರೆ ಮುಖ್ಯ ಅಡುಗೆಯವರ ಒಲೆ, ನೋಡಿಕೊಂಡರು. ಮೊದಲ ಒಲೆಯವರು ಸೌಟಿನಿಂದ ಬಾಣಲೆಯ ಅಂಚಿಗೆ ಮೂರು ಸಲ ತಟ್ಟಿದರೆ, ಕೈಯಲ್ಲಿ ಏನೇ ಇರಲಿ, ಹತ್ತಿರವಿದ್ದವರು ತಟ್ಟೆ ಹಿಡಿದು ಓಡಬೇಕು. ಅದು ಅಲ್ಲಿಯ ಕಟ್ಟಳೆ. ಮಾರ್ಚ್ 3ರಂದು ಅವರು ತೀರಿಕೊಂಡರು. 49 ದಿನ ಆ ಒಲೆ ಹಚ್ಚಲಿಲ್ಲ. 50ನೇ ದಿನ ಥಾಮ್ ಅದನ್ನು ಲೌ ಸುಯ್ ಫೋಂಗ್‌ಗೆ ಕೊಟ್ಟರು. ಅವಳ ವಯಸ್ಸು 34, ನನ್ನ ಗಂಡನ ಕೈಕೆಳಗೆ 11 ವರ್ಷ ಕಲಿತವಳು. ಅಲ್ಲಿದ್ದ ಆರು ಗಂಡಸರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಎರಡನೇ ಒಲೆಯ ಕ್ವೋಕ್ ಮೆಂಗ್, "ಹೆಂಗಸು ಆ ಒಲೆ ಮುಟ್ಟಿದ್ರೆ ಮುದುಕ ಸುಮ್ನಿರ್ತಾನಾ? ಎದ್ದು ಬರ್ತಾನೆ, ನೋಡ್ತಿರು," ಅಂದ.

"ಬರ್ಲಿ ಬಿಡಣ್ಣ. ನೀನು ಕೊಚ್ಚಿರೋ ಶುಂಠಿ ನೋಡಿ ಇನ್ನೊಂದ್ಸಲ ಸಾಯ್ತಾರೆ," ಅಂದಳು ಫೋಂಗ್.

ಮೇ 1ರಿಂದ, ಒಲೆಯ ಹತ್ತಿರ ಅವಳೊಬ್ಬಳೇ ಇದ್ದಾಗ, ಅಕ್ಕಿ ಕೋಣೆಯಿಂದ, ಸೌಟು ಮೂರು ಸಲ ತಟ್ಟಿದ ಸದ್ದು ಬರತೊಡಗಿತು. ಪ್ರತಿ ಸಲವೂ ಅವಳು ತಟ್ಟೆ ಒಯ್ದು, ಒಳಗೆ ಇಣುಕದೆ ಹೊಸ್ತಿಲಲ್ಲಿಟ್ಟು, "ಗುರುಗಳೇ, ತಟ್ಟೆ ಇಲ್ಲಿದೆ," ಎಂದು ಹೇಳಿ ಬರುತ್ತಿದ್ದಳು. ಮುಖ ಮಾತ್ರ ಅಕ್ಕಿ ತೊಳೆದ ನೀರಿನ ಹಾಗಾಗಿರುತ್ತಿತ್ತು.

ಅದು ನನ್ನ ಗಂಡನಲ್ಲ ಎಂದು, ಆಚೆ ಸೊಪ್ಪು ತೊಳೆಯುತ್ತಿದ್ದ ನನಗೆ ಮೊದಲ ದಿನವೇ ಗೊತ್ತಾಯಿತು. ಅವರಿಗೆ ಉಬ್ಬಸವಿತ್ತು. ಎರಡು ತಟ್ಟಿ, ಉಸಿರೆಳೆದುಕೊಂಡು, ಆಮೇಲೆ ಮೂರನೆಯದು. ಇದು ಒಂದೇ ಓಟದಲ್ಲಿ ಮೂರು. ಮೇ 4ರಂದು ಕ್ವೋಕ್ ಮೆಂಗ್ ನನ್ನ ಗಂಡನ ಸೌಟನ್ನು ಕಂಕುಳಲ್ಲಿ ಅಡಗಿಸಿಕೊಂಡು ಆ ಕೋಣೆಯಿಂದ ಬಂದದ್ದನ್ನು 12 ಅಡಿ ದೂರದಿಂದ ಕಂಡೆ. ಯಾಕೆ ಹೇಳಲಿಲ್ಲ ಎಂದು ತಾವು ಕೇಳಿದಿರಿ. ಸುಳ್ಳಾದರೂ ಆ ಸದ್ದು ದಿನಕ್ಕೊಮ್ಮೆ ಕಿವಿಗೆ ಬೀಳಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಮೇ 14ರ ಬೆಳಿಗ್ಗೆ 10.40ಕ್ಕೆ ಫೋಂಗಳ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಸದ್ದು ಬಂತು. ಉರಿ ತಗ್ಗಿಸಲು ಕೈ ಚಾಚಿದಳು. ಅಷ್ಟರಲ್ಲಿ ಮತ್ತೆ ಜೋರಾಗಿ ತಟ್ಟಿದ ಸದ್ದಾಯಿತು. ತಟ್ಟೆ ಹಿಡಿದು ಹೋದಳು. ಎಣ್ಣೆಗೆ ಬೆಂಕಿ ಹತ್ತಿತು. ಓಡಿ ಬಂದು ಮುಚ್ಚಳ ಮುಚ್ಚುವಷ್ಟರಲ್ಲಿ ಅವಳ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಒಲೆ ಬಿಟ್ಟು ಹೋದದ್ದು ಅವಳದೇ ತಪ್ಪು ಎಂದು ಆರೂ ಜನ ತಮ್ಮ ಠಾಣೆಯಲ್ಲಿ ಬರೆಸಿದ್ದಾರೆ. ಥಾಮ್ ಆ ಒಲೆಯನ್ನು ಕ್ವೋಕ್ ಮೆಂಗ್‌ಗೆ ಕೊಡುತ್ತಾರಂತೆ. ಆಸ್ಪತ್ರೆಯಲ್ಲಿ ಅವಳು, "ಅಜ್ಜಿ, ಗುರುಗಳಿಗೆ ನನ್ ಮೇಲೆ ಅಷ್ಟು ಸಿಟ್ಟಾ?" ಎಂದು ಕೇಳಿದಳು.

ಇಂದು ಸಂಜೆ 4.20ಕ್ಕೆ, ಮುಚ್ಚಿದ್ದ ಅಡುಗೆಮನೆಗೆ ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ನನ್ನ ಗಂಡನ ಸೌಟನ್ನು ತೆಗೆದೆ. ಆಗ ಮೊದಲ ಒಲೆಯ ಕಡೆಯಿಂದ ಎರಡು ಸಲ ತಟ್ಟಿದ ಸದ್ದಾಯಿತು. ಉಸಿರೆಳೆಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೂರನೆಯದು. ಸೌಟು ನನ್ನ ಕೈಯಲ್ಲೇ ಇತ್ತು. ತಟ್ಟೆ ಹುಡುಕಲಿಲ್ಲ. ಸೌಟು ಹಿಡಿದುಕೊಂಡು ನೇರ ಇಲ್ಲಿಗೆ ಬಂದೆ. ಅದು ತಮ್ಮ ಮೇಜಿನ ಮೇಲಿದೆ. ಈ ಸದ್ದಿನ ಮಾತು ಹೇಳಿಕೆಯಲ್ಲಿ ಬೇಡ ಎಂದು ತಮ್ಮ ಪೇದೆ ಹೇಳಿದ. ಇರಲಿ ಎಂದು ನಾನು ಹೇಳಿದೆ.

ಇಷ್ಟನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಇಲ್ಲದ್ದನ್ನು ಸೇರಿಸಿಲ್ಲ, ಈ ಸಲ ಇದ್ದದ್ದನ್ನು ಬಚ್ಚಿಟ್ಟೂ ಇಲ್ಲ.

ಸ್ಥಳ: ಇಪೋ
ದಿನಾಂಕ: 16 ಮೇ 2009
ಸಹಿ: ಚಾನ್ ಯೋಕ್ ಕ್ವಾಯ್