ಜಡ್ಜ್ ಕೊಡಿಸಿದ ಫೋನು

"ನಿನ್ನ ಹತ್ರ ಏನೂ ಮುಚ್ಚಿಡಲ್ಲ ಅಂತ ಮದುವೆ ದಿನ ಮಾತು ಕೊಟ್ಟಿದ್ರಿ," ಎಂದು ಕೋರ್ಟಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಗಂಡನಿಗೆ ಹೇಳಿದಳು. ಆತನ ಮೇಲೆ ಕಾರ್ಖಾನೆಯ ಮುಷ್ಕರದಲ್ಲಿ ಕಲ್ಲು ತೂರಿದ ಕೇಸು. ಪೊಲೀಸರು ಕಿತ್ತುಕೊಂಡಿದ್ದ ಆತನ ಫೋನನ್ನು ಜಡ್ಜ್ ಈಗಷ್ಟೇ ಮರಳಿ ಕೊಡಿಸಿದ್ದರು.

"ತೆಗೆದು ತೋರಿಸು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ, ಅದು ನನ್ನ ಹಕ್ಕು. ಜಡ್ಜ್ ಹೇಳಿದ್ದು ಕೇಳಿಸ್ಕೊಂಡ್ಯಲ್ಲ?"

"ಅವರು ಹೇಳಿದ್ದು ಪೊಲೀಸರಿಗೆ, ಹೆಂಡತಿಗಲ್ಲ. ಯಾರವಳು?"

"ಅವಳೂ ಇಲ್ಲ, ಇವಳೂ ಇಲ್ಲ ಕಣೇ."

"ಹುಳುಕಿಲ್ಲದ ಮೇಲೆ ಬೀಗ ಯಾಕ್ರೀ?"

ಆತ ಫೋನ್ ತೆರೆದು, ಮುಷ್ಕರದ ದಿನದ ಒಂದು ಫೋಟೋ ಹುಡುಕಿ ಅವಳ ಕೈಗಿಟ್ಟ.

"ಕಲ್ಲು ಎತ್ತಿರೋದು... ನನ್ನ ತಮ್ಮ ಅಲ್ವಾ?"

"ನಿನ್ನ ತಮ್ಮನೇ."

"ಅಯ್ಯೋ, ಮೊದಲು ಮುಚ್ಚಿ ಇದನ್ನ! ಯಾರಪ್ಪ ಕೇಳಿದ್ರೂ ತೆಗೀಬೇಡಿ."

ಅವಳು ನನ್ನನ್ನು ದುರುಗುಟ್ಟಿ ನೋಡಿ, ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು. ಆತ ಕೊಟ್ಟ ಮಾತು ಉಳಿಸಿಕೊಂಡಿದ್ದ.