ಅಂಗಡಿಯೊಳಗಿನ ಅಲೆ

ಕನ್ನಡಕದ ರಿಪೇರಿಗೆಂದು ಅಂಗಡಿಯಲ್ಲಿ ಕಾಯುತ್ತಿದ್ದೆ. ಕದ್ದು ಕೇಳಿದ್ದು ತಪ್ಪೇ ಇರಬೇಕು. ಪಕ್ಕದಲ್ಲಿ ಪ್ರಯಾಣಿಕರ ದೋಣಿ ನಡೆಸುವ ಅಣ್ಣನೊಬ್ಬ ಮತ್ತು ಅವನ ತಂಗಿ ದುರ್ಬೀನು ಆರಿಸುತ್ತಿದ್ದರು.

"ಇದರ ಗುಂಡಿ ಒತ್ತಿದ್ರೆ ನೋಟ ಅಲ್ಲಾಡಲ್ಲ ಕಣೇ. ಎದುರಿನ ಬೋರ್ಡು ಕಲ್ಲಿನ ಹಾಗೆ ನಿಂತಿದೆ."

"ಮೂವತ್ತು ವರ್ಷ ಅಪ್ಪನ ಹಳೇದೇ ಸಾಕಾಗಿತ್ತಲ್ಲ?"

"ಈಗ ಅಲೆ ಜಾಸ್ತಿ."

"ಓಹೋ, ಅಲೆಗೂ ಪ್ರಾಯ ಬಂತಾ? ಎಲ್ಲಿ, ಗುಂಡಿ ಬಿಟ್ಟು ನೋಡು."

"ಅಯ್ಯೋ, ಬೋರ್ಡು ಕುಣೀತಿದೆ!"

"ಅಣ್ಣಾ, ನಾವಿರೋದು ಅಂಗಡೀಲಿ. ಇಲ್ಲೆಲ್ಲಿಂದ ಬಂತು ಅಲೆ?"

ಅಣ್ಣ ಮತ್ತೆ ಗುಂಡಿ ಒತ್ತಿದ.

"ಯಾವಾಗಿಂದ ಕೈ ನಡುಗ್ತಿದೆ?"

"ಮಾಲೀಕರಿಗೆ ಹೇಳ್ಬೇಡ. ದೋಣಿ ಕಿತ್ಕೋತಾರೆ."

"ಅದ್ರಲ್ಲಿ ಜನ ಕೂತಿರ್ತಾರೆ, ಅಣ್ಣಾ. ಚುಕ್ಕಾಣಿಗೂ ಇಂಥ ಗುಂಡಿ ಇದೆಯಾ?"

ಅಣ್ಣ ದುರ್ಬೀನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟ. ತಂಗಿ ಆ ಕೈಯನ್ನು ಹಿಡಿದುಕೊಂಡೇ ಮೆಟ್ಟಿಲಿಳಿಸಿದಳು.